ಚೂಡಾಮಣಿ ಬರೆದ ಬೆಟ್ಟ

ಒಂಟಿಕೊಪ್ಪಲಿನಲ್ಲಿ ಯಾವುದಾದರೂ ಹಳೆಯ ಮನೆಗೆ ಹೋದರೆ ನಡುಮನೆಯ ಗೋಡೆ ನೋಡಿ. ತೀರಿಕೊಂಡ ತಾತನೋ ಅಜ್ಜಿಯೋ ಗಂಧದ ಹಾರ ಹಾಕಿಸಿಕೊಂಡು ನಿಮ್ಮನ್ನೇ ನೋಡುತ್ತಿರುತ್ತಾರೆ. ಮುಖ ಬಿಡಿ, ಮುಖದ ಹಿಂದೆ ನೋಡಿ. ಹಳದಿ ಆಕಾಶ, ಒಂಟೆಯ ಬೆನ್ನಿನ ಹಾಗೆ ಎರಡು ಗುಬುಟಿನ ಒಂದು ಬೆಟ್ಟ, ಬಲಕ್ಕೊಂದು ಕೊಳ, ಎಡಕ್ಕೆ ತುದಿ ಮುರಿದ ಮರ, ಕೆಳಗೆ ಎದೆಮಟ್ಟದ ಹುಲ್ಲು. ಇಷ್ಟಿದ್ದರೆ ಅದು ಚೂಡಾಮಣಿಯ ಕೈ, ಬೇರೆ ಯಾರದೂ ಅಲ್ಲ.

ಚೂಡಾಮಣಿಗೆ ಈಗ ಅರವತ್ತಮೂರು. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ "ಪುರುಸೊತ್ತಾಗಲಿಲ್ಲ ಕಣ್ರೀ" ಅನ್ನುತ್ತಾಳೆ. ಎರಡನೇ ಸಲ ಕೇಳಿದವರಿಗೆ ಕಾಫಿ ಸಿಗುವುದಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಜನ ಸತ್ತವರ ಫೋಟೋ ತರುತ್ತಾರೆ, ಅದೂ ಎಂಥದ್ದು ಅಂತೀರಿ! ಆಧಾರ್ ಕಾರ್ಡಿನಲ್ಲಿ ಕಳ್ಳನ ಹಾಗೆ ಕಾಣುವ ಮುಖ, ಇಲ್ಲವೇ ಯಾರದೋ ಮದುವೆಯ ಗುಂಪಿನಲ್ಲಿ ಎಲೆ ಮುಂದೆ ಬಾಯಿ ತೆರೆದ ಮುಖ. ಬದುಕಿದ್ದಾಗ ಒಂದು ನೆಟ್ಟಗಿನ ಫೋಟೋ ತೆಗೆಸಲು ಇವರಿಗೆಲ್ಲ ಏನು ರೋಗ ಬಂದಿತ್ತೋ. ಬೀದಿ ಕೊನೆಯ ನಿಶಾಂತನ ಲ್ಯಾಬಿನಲ್ಲಿ ಅದನ್ನು ದೊಡ್ಡದು ಮಾಡಿಸಿ, ಬ್ಲೇಡಿನಲ್ಲಿ ಆಳಿನ ಸುತ್ತ ಕತ್ತರಿಸಿ, ತಾನು ಬರೆದಿಟ್ಟ ಬೆಟ್ಟದ ಮೇಲೆ ಅಂಟಿಸಿ, ಅಂಚು ಕಾಣದ ಹಾಗೆ ಕುಂಚ ಆಡಿಸಿ ಕೊಡುವುದು ಅವಳ ಕಸುಬು. ಇಂಥ ಫೋಟೋ ಸಾಮಾನ್ಯವಾಗಿ ಎದೆಗೇ ಮುಗಿದುಹೋಗಿರುತ್ತದೆ, ಅದಕ್ಕೇ ಹುಲ್ಲು ಎದೆಮಟ್ಟ. ಬೇರೆ ಬಣ್ಣದ ಆಕಾಶ ಹಾಕಿದರೆ ತಲೆಗೂದಲ ಹತ್ತಿರ ಬ್ಲೇಡಿನ ಬಿಳಿ ಅಂಚು ಎದ್ದು ಕಾಣುತ್ತದೆ, ಅದಕ್ಕೇ ಹಳದಿ ಸಂಜೆ. ನೋಡಿದವರು ಮಾತ್ರ "ಆಹಾ, ಎಂಥ ಶಾಂತಿ!" ಅಂತ ಕಣ್ಣೊರೆಸಿಕೊಳ್ಳುತ್ತಾರೆ.

ಈ ಕಂಪ್ಯೂಟರ್ ಕಾಲದಲ್ಲಿ ಇದೆಲ್ಲ ಯಾರಿಗೆ ಬೇಕು? ನಿಶಾಂತ್ ಎರಡೇ ನಿಮಿಷದಲ್ಲಿ ಸತ್ತವರನ್ನು ಸ್ವಿಟ್ಜರ್ಲೆಂಡಿನಲ್ಲಿ ನಿಲ್ಲಿಸಿ ಕೊಡುತ್ತಾನೆ. ಆದರೂ ಜನ ಚೂಡಾಮಣಿಯ ಹತ್ತಿರ ಬರುತ್ತಾರೆ. ಕಾರಣ ಒಂದೇ. "ತಾತನ ಹಿಂದೆ ಇರೋ ಬೆಟ್ಟಾನೇ ಅಜ್ಜಿಗೂ ಹಾಕಿಕೊಡಿ. ಇಲ್ದಿದ್ರೆ ಒಬ್ಬೊಬ್ರು ಒಂದೊಂದು ಊರಲ್ಲಿದ್ದ ಹಾಗಾಗುತ್ತೆ." ಅದಕ್ಕೇ ಚೂಡಾಮಣಿಗೆ ಹೆಮ್ಮೆ. "ನಾನು ಮಕ್ಕಳು ಮರಿ ಮಾಡಲಿಲ್ಲ, ಮನೆ ಕಟ್ಟಲಿಲ್ಲ. ಆದರೆ ಈ ಪೇಟೆಯಲ್ಲಿ ಸತ್ತವರಿಗೆ ಒಂದು ಒಳ್ಳೆ ಜಾಗ ಕೊಟ್ಟಿದೀನಿ. ಬಿಸಿಲಿಲ್ಲ, ಮಳೆಯಿಲ್ಲ. ಒಂದು ಜನ್ಮಕ್ಕೆ ಅಷ್ಟು ಸಾಲದೇ?" ಅನ್ನುತ್ತಾಳೆ. ಆ ಒಂದು ನಂಬಿಕೆಯ ಮೇಲೆಯೇ ಅವಳ ನಲವತ್ತು ವರ್ಷ ನಿಂತಿತ್ತು.

ಬಂದವರೆಲ್ಲ ಕೇಳುವ ಇನ್ನೊಂದು ಮಾತು: "ಇದು ಚಾಮುಂಡಿ ಬೆಟ್ಟ ತಾನೆ, ಹಿಂದ್ಗಡೆಯಿಂದ?" ಅಲ್ಲ. ಅದರ ಕತೆಯನ್ನು ಅವಳ ಅಪ್ಪ ಬಿಂದುಮಾಧವರಾಯರು ಬಾಯಿ ತುಂಬ ಹೇಳುತ್ತಿದ್ದರು. ಅವರದು ಅರಮನೆಯ ಚಿತ್ರದ ಕೆಲಸ ಮಾಡಿಕೊಂಡು ಬಂದ ಮನೆತನ. ಹಾಗಂತ ಮುಖ ಬರೆಯುವವರಲ್ಲ. ಒಂದು ಪಟಕ್ಕೆ ನಾಲ್ಕು ಕೈ ಇರುತ್ತಿತ್ತಂತೆ. ದೇವರ ಕಣ್ಣು ಮೂಗಿಗೆ ಒಬ್ಬ, ಚಿನ್ನದ ಕೆಲಸಕ್ಕೆ ಒಬ್ಬ, ಸೀರೆ ಒಡವೆಗೆ ಒಬ್ಬ. ಇವರ ಪಾಲಿಗೆ ಬಂದದ್ದು ದೇವರ ಹಿಂದಿನ ಮರ, ಮೋಡ, ಹೆಬ್ಬೆರಳ ಗಾತ್ರದ ಬೆಟ್ಟ.

"ಆಗ ಬೆಟ್ಟ ಅಂದ್ರೆ ದೇವರ ಬೆನ್ನಿಗೆ ಇಟ್ಟ ದಿಂಬು ಕಣೇ," ಅನ್ನುತ್ತಿದ್ದರು ರಾಯರು. "ಟಿಪ್ಪು ಹೋದ ಮೇಲೆ ಇಂಗ್ಲಿಷ್ ದೊರೆಗಳು ಬಂದ್ರು. ಬಯಲಲ್ಲಿ ಕುರ್ಚಿ ಹಾಕ್ಕೊಂಡು ಕೂತು ಬರೀ ಬೆಟ್ಟ ಬರೆದ್ರು! ದೇವರಿಲ್ಲ, ರಾಜ ಇಲ್ಲ, ಬರೀ ಬೆಟ್ಟ! ನಮ್ಮೋರು ಬಿದ್ದೂ ಬಿದ್ದೂ ನಕ್ಕರು. ಊಟಕ್ಕೆ ಯಜಮಾನನೇ ಇಲ್ಲ, ಎಲೆ ಮಾತ್ರ ಹಾಕಿದಾರೆ ಅಂತ. ನಗ್ತಾ ನಗ್ತಾ ಕಲಿತೂ ಬಿಟ್ಟರು. ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಮಾಡಿದೋನು ನಮ್ಮ ಕಸುಬಿನವನೇ ಇರಬೇಕು. ಹತ್ತಿರದ್ದು ಒರಟು, ದೂರದ್ದು ನುಣ್ಣಗೆ ನೀಲಿ. ದೊರೆಗಳು ಕಲಿಸಿದ್ದು ಅಷ್ಟೇ."

ಚೂಡಾಮಣಿಯ ಮುತ್ತಾತನಿಗೆ ಯಾವುದೋ ದೊಡ್ಡ ಮನೆಯ ಗೋಡೆಯಲ್ಲಿದ್ದ ಸೀಮೆಯ ಚಿತ್ರವೊಂದು ಏಳು ದಿನದ ಮಟ್ಟಿಗೆ ಕೈಗೆ ಸಿಕ್ಕಿತು. ಎರಡು ಗುಬುಟಿನ ಬೆಟ್ಟ, ಕೊಳ, ಮರ, ಹುಲ್ಲಿನ ನಡುವೆ ಒಂದು ದಾರಿ. ತೆಳು ಹಾಳೆಯಲ್ಲಿ ಗೆರೆ ಎತ್ತಿ, ಗೆರೆಗಳ ಮೇಲೆ ಸೂಜಿ ಚುಚ್ಚಿ ಅದರ ನಕಲು ತೆಗೆದಿಟ್ಟುಕೊಂಡ. ಆ ತೂತುಗಳ ಮೇಲೆ ಇದ್ದಿಲ ಪುಡಿ ತಟ್ಟಿದರೆ ಚಿತ್ರ ಕೆಳಗಿನ ಹಲಗೆಗೆ ಇಳಿಯುತ್ತದೆ. ಆಮೇಲೆ ಅದು ನಾಟಕದ ಪರದೆಯ ಮೇಲೆ ಹೋಯಿತು. ನಾಟಕ ನಿಂತ ಮೇಲೆ ಫೋಟೋ ಸ್ಟುಡಿಯೋದ ಪರದೆಯಾಯಿತು, ಹೊಸ ಗಂಡಹೆಂಡಿರು ಅದರ ಮುಂದೆ ಬೆವರುತ್ತ ನಿಂತರು. ಅದೂ ಹೋದ ಮೇಲೆ ಸತ್ತವರ ಹಿಂದೆ ಬಂತು. ಸೀಮೆಯ ಮರ ಕೈಯಿಂದ ಕೈಗೆ ಬಂದು ಬಂದು ಯಾವ ಊರಿನ ಮರವೂ ಅಲ್ಲದ್ದು ಆಗಿಬಿಟ್ಟಿತು. ಅದರ ಹೆಸರು ಯಾರಿಗೂ ಗೊತ್ತಿಲ್ಲ.

ಸತ್ತವರ ಹಿಂದೆ ಬಂದಾಗ ಒಂದನ್ನು ಮಾತ್ರ ಅಳಿಸಿದರು. ದಾರಿಯನ್ನು. ಸೂಜಿ ಚುಚ್ಚಿದ ಹಳೆಯ ಹಾಳೆಯಲ್ಲಿ ದಾರಿಯ ತೂತುಗಳ ಮೇಲೆ ಕಾಗದ ಅಂಟಿಸಿ ಮುಚ್ಚಿದ್ದರು. "ಸತ್ತವರ ಹಿಂದೆ ದಾರಿ ಬರೀಬಾರದು. ವಾಪಸ್ ಬರ್ತಾರೆ." ಇದು ಮನೆಯ ಕಟ್ಟಳೆ. ಚೂಡಾಮಣಿ ಒಂದು ಸಲವೂ ಮೀರಿದವಳಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು, ಅದನ್ನು ಅವಳು ಅಷ್ಟು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಹಲಗೆಯ ನಡುವೆ, ಆಳು ಬಂದು ಅಂಟುವ ಜಾಗವನ್ನು ಖಾಲಿ ಬಿಡಬೇಕು. ಹೇಗೂ ಮುಚ್ಚಿಹೋಗುವ ಜಾಗ ತಾನೆ? ಚೂಡಾಮಣಿ ಕೆಲಸದ ಭರದಲ್ಲಿ ಕುಂಚವನ್ನು ಅಲ್ಲೇ ಒರೆಸುತ್ತಿದ್ದಳು. ಹಸಿರು, ಹಳದಿ, ನೀಲಿ ಎಲ್ಲ ಕಲಸಿ ಅಲ್ಲೊಂದು ಕಪ್ಪು ಮುದ್ದೆ ಆಗುತ್ತಿತ್ತು. ಅದರ ಮೇಲೆ ಆಳನ್ನು ಅಂಟಿಸಿದರೆ ಆಯಿತು. ಅಪ್ಪನಿಗೆ ಕಣ್ಣು ಮಂದವಾದ ಮೇಲೆ ಒಂದು ದಿನ ಹಲಗೆ ತಡವಿ, ಆ ಮುದ್ದೆ ಬೆರಳಿಗೆ ಸಿಕ್ಕಿ, "ಇಲ್ಲೇನೇ ಇದು?" ಅಂದರು. "ಯಾರಿಗೆ ಕಾಣುತ್ತೆ ಬಿಡಪ್ಪ" ಅಂದಳು. ರಾಯರು ಬೆರಳನ್ನು ಪಂಚೆಗೆ ಒರೆಸಿಕೊಂಡರು. ಸಾಯುವ ಮುಂಚೆ ಮಾತ್ರ, "ನನಗೆ ಫೋಟೋ ಬೇಡ, ನಿನ್ನ ಬೆಟ್ಟ ಬೇಡ. ಹಾಗೇ ಬಿಟ್ಟುಬಿಡು" ಅಂದರು. ಮುದುಕರ ಹಟ ಅಂತ ಅವಳು ಸುಮ್ಮನಾದಳು. ಅಪ್ಪನಿಗಿಂತ ಐದು ವರ್ಷ ಮೊದಲೇ ತೀರಿಕೊಂಡ ಅಮ್ಮ ಪಂಕಜಾ ಮಾತ್ರ ಒಳಮನೆಯಲ್ಲಿ ದೇವರಗೂಡಿನ ಪಕ್ಕ ಆ ಬೆಟ್ಟದ ಮುಂದೆಯೇ ಇದ್ದಳು.

ಮೊನ್ನೆ ಮಾಘದಲ್ಲಿ ಶ್ರೀರಾಂಪುರದಿಂದ ಕುಮಾರ್ ಅನ್ನುವವನು ಬಂದ. ಮೂವತ್ತರ ಆಸುಪಾಸು, ಸೌಮ್ಯ ಮನುಷ್ಯ. ಅವನ ತಂದೆ ಮಹದೇವು ಬಡಾವಣೆಗಳಿಗೆ ನೀರು ಬಿಡುವ ಕೆಲಸದವನು. ಏಳು ವರ್ಷದ ಹಿಂದೆ ಒಂದು ಬೆಳಗ್ಗೆ ವಾಲ್ವ್ ತಿರುಗಿಸಲು ಹೋದವನು ಬರಲಿಲ್ಲ. ಸೈಕಲ್ ವಾಲ್ವಿನ ಗುಂಡಿಯ ಪಕ್ಕ ನಿಂತೇ ಇತ್ತು. ನಲ್ಲಿಗಳಲ್ಲಿ ನೀರೂ ಬಂದಿತ್ತು. ಮನುಷ್ಯ ಮಾತ್ರ ಇಲ್ಲ.

"ತಂಗಿ ಅನು ಮದುವೆ ಗೊತ್ತಾಗಿದೆ ಮೇಡಂ," ಅಂದ ಕುಮಾರ್. "ಲಗ್ನಪತ್ರಿಕೇಲಿ ಅಪ್ಪನ ಹೆಸರಿನ ಹಿಂದೆ ಶ್ರೀ ಅಂತ ಹಾಕೋದೋ ದಿವಂಗತ ಅಂತ ಹಾಕೋದೋ? ಬೀಗರು ಕೇಳ್ತಾರೆ. ಕಾನೂನಲ್ಲೂ ಏಳು ವರ್ಷ ಆದ್ರೆ ಹೋದ ಹಾಗೇ ಅಂತೆ. ಕಾರ್ಯ ಮಾಡಿ ಮುಗಿಸ್ತೀವಿ. ನಮ್ಮ ತಾತ ಮೂಗಯ್ಯನೋರ ಫೋಟೋ ನೀವೇ ಮಾಡಿಕೊಟ್ಟಿದ್ದು. ಅದೇ ಥರ ಮಾಡಿಕೊಡಿ."

ಮಾರನೆಯ ದಿನ ಅವನ ತಾಯಿ ಬೆಟ್ಟಮ್ಮ ಒಬ್ಬಳೇ ಬಂದಳು. ಹಣೆಯಲ್ಲಿ ಕಾಸಿನಗಲ ಕುಂಕುಮ, ಕೈತುಂಬ ಹಸಿರು ಬಳೆ. ಬಾಗಿಲಲ್ಲೇ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು.

"ಬನ್ನಿ ಬೆಟ್ಟಮ್ಮ, ಕೂತ್ಕೊಳಿ" ಅಂದಳು ಚೂಡಾಮಣಿ.

"ಕೂರಕ್ಕೆ ಬಂದಿಲ್ಲ ಅಮ್ಮಾವ್ರೆ. ನೀವು ಸತ್ತೋರಿಗೆ ದಾರಿ ಬರಿಯಲ್ವಂತೆ? ನಮ್ಮತ್ತೆ ಯೋಳ್ತಿದ್ರು."

"ಹೌದು. ಬರೆಯಲ್ಲ."

"ಬರೀರಿ. ನಮ್ಮೆಜಮಾನ್ರು ಸತ್ತಿಲ್ಲ ಕಣ್ರವ್ವ. ಸತ್ತಿದ್ರೆ ನಂಗೊತ್ತಾಗ್ತಿರ್ಲಿಲ್ವಾ? ಮಕ್ಳು ಕಾರ್ಯ ಮಾಡ್ಕಳ್ಲಿ, ಬಳೆ ಒಡೀಲಿ. ಒಂದು ದಾರಿ ಬುಟ್ಟಿರಿ ಸಾಕು. ಆಮ್ಯಾಕೆ ಅವ್ರಿಷ್ಟ."

ಚೂಡಾಮಣಿ ಆಗುವುದಿಲ್ಲ ಅಂದಳು. ಕಟ್ಟಳೆ ಹೇಳಿದಳು, ಗದರಿದಳು, ಕಾಫಿ ಕೊಟ್ಟಳು. ಬೆಟ್ಟಮ್ಮ ಕಾಫಿ ಮುಟ್ಟದೆ ಅಳುತ್ತ ಕೂತಳು. ಕೊನೆಗೆ ಚೂಡಾಮಣಿಯೇ ಸೋತಳು. ಮನುಷ್ಯ ಸತ್ತದ್ದೇ ಗೊತ್ತಿಲ್ಲ. ಬದುಕಿರುವವನನ್ನು ದಾರಿಯಿಲ್ಲದ ಕಡೆ ನಿಲ್ಲಿಸಿದರೆ ಅದೂ ಪಾಪವೇ ತಾನೆ? ಹಾಗಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹಳೆಯ ಹಾಳೆ ತೆಗೆದು, ಅಂಟಿಸಿದ್ದ ಕಾಗದವನ್ನು ನೀರು ಸವರಿ ಬಿಡಿಸಿ, ಮುಚ್ಚಿದ್ದ ತೂತುಗಳನ್ನು ಬೆಳಕಿಗೆ ಹಿಡಿದಳು. ದಾರಿ ಬೆಟ್ಟದ ಎರಡು ಗುಬುಟುಗಳ ನಡುವಿನಿಂದ ಹೊರಟು, ಕೊಳದ ಪಕ್ಕ ಬಳಸಿ, ಹುಲ್ಲಿನೊಳಗೆ ಹಾದು ಚಿತ್ರದ ಕೆಳಗಿನ ಅಂಚಿಗೆ ಬಂದು ಸೇರುತ್ತಿತ್ತು. ಅದರ ಮೇಲೆ ಕೆಮ್ಮಣ್ಣಿನ ಬಣ್ಣ ಹಾಕುವಾಗ ಅವಳ ಕೈ ಅದೇ ದಾರಿಯನ್ನು ದಿನಾ ಬರೆದ ಹಾಗೆ ಸಲೀಸಾಗಿ ಓಡಿತು. ಅದಕ್ಕೇ ಅವಳಿಗೆ ಹೆದರಿಕೆಯಾಯಿತು. ಹೆದರಿಕೆಯಲ್ಲಿ ಕುಂಚವನ್ನು ನಡುವಿನ ಜಾಗದಲ್ಲೇ ಎರಡು ಸಲ ಹೆಚ್ಚಾಗಿ ಒರೆಸಿ, ಅದರ ಮೇಲೆ ಮಹದೇವುವನ್ನು ಅಂಟಿಸಿದಳು.

ಕುಮಾರ್ ಬಂದು ನೋಡಿದವನು ಮುಖ ಗಂಟಿಕ್ಕಿದ. "ಏನು ಮೇಡಂ ಇದು? ಊರಿಗೇ ಒಂದು ದಾರಿಯಾದ್ರೆ ನಮ್ಮಪ್ಪನಿಗೇ ಒಂದು ದಾರಿಯಾ? ತಾತನ ಫೋಟೋದಲ್ಲಿ ಇದಿಲ್ವಲ್ಲ. ಜೊತೆಗೆ ಹಾಕಿದ್ರೆ ಹೊಂದಲ್ಲ. ಹುಲ್ಲು ಹಾಕಿ ಮುಚ್ಚಿಬಿಡಿ, ಮದುವೆ ಮುಗಿದ್ಮೇಲೆ ತಗೊಂಡು ಹೋಗ್ತೀನಿ."

ಹೀಗಾಗಿ ಆ ಫೋಟೋ ಶ್ರೀರಾಂಪುರಕ್ಕೆ ಹೋಗಲೇ ಇಲ್ಲ. ಚೂಡಾಮಣಿ ಅದನ್ನು ಗೋಡೆಗೆ ಮುಖಮಾಡಿ ಒರಗಿಸಿಟ್ಟಳು. ನಾಳೆ ಮುಚ್ಚಿದರಾಯಿತು ಅಂತ ಮೂರು ವಾರ ತಳ್ಳಿದಳು. ಬೇರೆ ಕೆಲಸ ಇತ್ತು ಅಂತ ಅವಳು ಹೇಳಬಹುದು, ನಂಬಬೇಡಿ. ತಿರುಗಿಸಿ ನೋಡಲು ಧೈರ್ಯ ಬರಲಿಲ್ಲ, ಅಷ್ಟೇ. ಅತ್ತ ಕಾರ್ಯ ನಡೆಯಿತು. ಬೆಟ್ಟಮ್ಮನ ಬಳೆ ಒಡೆಯಿತು. ಅನು ಮದುವೆಯೂ ಆಯಿತು.

ಮದುವೆಯಾದ ಎಂಟನೇ ದಿನ ಮಹದೇವು ಮನೆಗೆ ಬಂದ.

ಬೆಳಗ್ಗೆ ಏಳು ಗಂಟೆಗೆ, ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ, ಗೇಟಿನ ಹೊರಗೆ ನಿಂತಿದ್ದನಂತೆ. ಗಡ್ಡ ಬೆಳೆದಿತ್ತು, ಅಂಗಿ ಹರಿದಿತ್ತು, ಮಂಡಿಯವರೆಗೂ ಕೆಮ್ಮಣ್ಣು ಮೆತ್ತಿತ್ತು. ಬೀದಿಗೆ ಬೀದಿಯೇ ಸೇರಿತು. ತಲೆಗೆ ಪೆಟ್ಟು ಬಿದ್ದು ನೆನಪು ಹೋಗಿತ್ತು ಅಂದರು ಕೆಲವರು. ಕೇರಳದ ಕಡೆ ಯಾವುದೋ ಆಶ್ರಮದಲ್ಲಿದ್ದ ಅಂದರು ಕೆಲವರು. ಕುಮಾರ್ ಅಪ್ಪನ ಕಾಲು ಹಿಡಿದು ಮಗುವಿನ ಹಾಗೆ ಅತ್ತ. ಸುದ್ದಿ ಒಂಟಿಕೊಪ್ಪಲಿಗೆ ಮಧ್ಯಾಹ್ನದೊಳಗೆ ಮುಟ್ಟಿತು. ಕೇಳಿ ಚೂಡಾಮಣಿಗೆ ಮೊದಲು ಬಂದದ್ದು ಸಂತೋಷ. "ನನ್ನ ಕೈಯಿಂದ ಒಂದು ಒಳ್ಳೆ ಕೆಲಸ ಆಯಿತಲ್ಲಪ್ಪ" ಅಂತ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆಮೇಲೆ ಕೆಮ್ಮಣ್ಣಿನ ಮಾತು ನೆನಪಾಗಿ ಕೂತಲ್ಲೇ ಕೂತಳು.

ನಾಲ್ಕು ದಿನ ಬಿಟ್ಟು, ಬೆಳಗಿನ ಹನ್ನೊಂದರ ಬಿಸಿಲಲ್ಲಿ, ಬೆಟ್ಟಮ್ಮ ಗಂಡನನ್ನು ಕರೆದುಕೊಂಡು ಆಟೋದಲ್ಲಿ ಬಂದಳು. ಕೈಯಲ್ಲಿ ಹೊಸ ಬಳೆ. ಮುಖದಲ್ಲಿ ಮಾತ್ರ ರಕ್ತವಿಲ್ಲ.

"ಅಮ್ಮಾವ್ರೆ, ಆ ದಾರಿ ಮುಚ್ಬುಡಿ. ಈಗ್ಲೇ ಮುಚ್ಬುಡಿ."

"ಯಾಕೆ? ಏನಾಯ್ತು?"

"ಬಂದಾಗಿಂದ ಕೂತಿಲ್ಲ ಕಣ್ರವ್ವ. ಊಟಾನೂ ನಿಂತ್ಕಂಡೇ, ನಿದ್ದೇನೂ ನಿಂತ್ಕಂಡೇ. ಬೆನ್ನ ಗ್ವಾಡೆಗೆ ಒತ್ಕಂಡು ಬಾಗ್ಲ ಕಡೀಕೇ ನೋಡ್ತಾ ನಿಂತಿರ್ತಾರೆ. ಯಾರಾದ್ರೂ ಹಿಂದಿಂದ ಹೋದ್ರೆ ಕಿಟಾರನೆ ಕಿರುಚ್ತಾರೆ. ನೆನ್ನೆ ಎರಡು ಸಲ ಗೇಟ್ ದಾಟಿ ಒಂಟ್ರು. ವಾಪಸ್ ಒಂಟೋಗ್ತಾರೆ ಅಂತ ನಂಗೆ ದಿಗಿಲು."

ಮಹದೇವು ಬಾಗಿಲ ಪಕ್ಕದ ಗೋಡೆಗೆ ಬೆನ್ನು ಅಂಟಿಸಿ ನಿಂತಿದ್ದ. ತೆಳ್ಳನೆಯ ಮನುಷ್ಯ, ಮೆತ್ತನೆಯ ಕಣ್ಣು. ಫೋಟೋ ನೆಲದಲ್ಲಿ ಗೋಡೆಗೆ ಮುಖಮಾಡಿಯೇ ಇತ್ತು. ಚೂಡಾಮಣಿ ಕೇಳಿದಳು: "ಎಲ್ಲಿದ್ರಪ್ಪ ಇಷ್ಟು ದಿನ?"

"ಏಳೊರ್ಷ ಎಲ್ಲಿದ್ನೋ ತಿಳೀದು ಅಮ್ಮಾ," ಅಂದ. ದನಿ ಬಳಸದೆ ಇಟ್ಟ ಬಾಗಿಲಿನ ಹಾಗೆ ಬಿಗಿಯಾಗಿತ್ತು. "ಕಡೇಲಿ ಇದ್ದದ್ದು ಒಂದು ನೆಪ್ಪೈತೆ. ಹುಲ್ಲು. ಇಲ್ಲೀಗಂಟ." ಎದೆ ಮುಟ್ಟಿ ತೋರಿಸಿದ. "ಕಾಲು ಕಾಣ್ತಿರ್ಲಿಲ್ಲ. ಐತೋ ಇಲ್ವೋ ಅದೂ ಗೊತ್ತಾಗ್ತಿರ್ಲಿಲ್ಲ. ಹೊತ್ತು ಮುಳುಗ್ತಾ ಇತ್ತು. ಎಷ್ಟೊತ್ತಾದ್ರೂ ಮುಳುಗ್ನೇ ಇಲ್ಲ. ಎಲ್ಲಾ ಹಳದಿ."

ಚೂಡಾಮಣಿಯ ಕಣ್ಣು ನೆಲದ ಫೋಟೋ ಕಡೆ ಹೋಯಿತು. "ಬೇರೆ ಯಾರಾದ್ರೂ ಇದ್ರಾ?"

"ಸಾನೆ ಜನ. ನಮ್ಮಪ್ಪನೂ ಇತ್ತು, ನಾಕು ಮಾರು ದೂರದಲ್ಲಿ. ಎಲ್ರೂ ಒಂದೇ ಕಡೀಕೆ ಮಕ ಮಾಡ್ಕಂಡು ನಿಂತಿದ್ರು. ಒಬ್ರೂ ಮಾತಾಡಲ್ಲ, ತಿರುಗಲ್ಲ. ಕೂರಕ್ಕೆ ಒಂದು ಕಲ್ಲೂ ಇಲ್ಲ."

"ಯಾಕೆ ತಿರುಗಲ್ಲ?"

ಮಹದೇವು ಗೋಡೆಗೆ ಇನ್ನಷ್ಟು ಒತ್ತಿಕೊಂಡ. "ಬೆನ್ನಿಂದೆ ಅದೈತಲ್ಲಮ್ಮಾ. ಎಲ್ರ ಬೆನ್ನಿಗೂ ಒಂದೊಂದು. ಕರ್ರಗೆ. ಮಕ ಇಲ್ಲ, ಮೈ ಇಲ್ಲ. ಒದ್ದೆ ಒದ್ದೆ. ಅಂಟ್ಕಂಡು ನಿಂತಿರ್ತದೆ. ನಂದು ಬ್ಯಾರೆಯೋರದಕ್ಕಿಂತ ದಪ್ಪ ಇತ್ತು."

ಅಂಗಡಿಯ ಮುಂದೆ ತರಕಾರಿ ಗಾಡಿಯವನು ಸೊಪ್ಪು ಸೊಪ್ಪು ಅಂತ ಕೂಗಿಕೊಂಡು ಹೋದ. ಚೂಡಾಮಣಿಗೆ ಅದು ಬಹಳ ದೂರದಲ್ಲಿ ಕೇಳಿಸಿತು. ಆ ಮುದ್ದೆಯ ಸಂಗತಿ ತನಗೆ, ಸತ್ತ ಅಪ್ಪನಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ. ನಲವತ್ತು ವರ್ಷ. ಎಷ್ಟು ಮನೆ, ಎಷ್ಟು ತಾತ, ಎಷ್ಟು ಅಜ್ಜಿ! ಒಳ್ಳೆ ಜಾಗ ಕೊಟ್ಟೆ ಅಂತ ಎದೆ ತಟ್ಟಿಕೊಂಡಿದ್ದಳು. ಕೂರಲು ಕಲ್ಲಿಲ್ಲದ ಕಡೆ, ಮುಳುಗದ ಸಂಜೆಯಲ್ಲಿ, ಪ್ರತಿಯೊಬ್ಬರ ಬೆನ್ನಿಗೂ ತನ್ನ ಕುಂಚದ ಕೊಳೆಯನ್ನು ಕಟ್ಟಿ ನಿಲ್ಲಿಸಿದ್ದಳು. ಅಪ್ಪ ಬೇಡ ಅಂದದ್ದು ಮುದುಕರ ಹಟವಲ್ಲ, ಹೆದರಿಕೆ. ಅವಳಿಗೆ ನಾಚಿಕೆಯಾಯಿತು, ಸತ್ತುಹೋಗಬೇಕು ಅನ್ನುವಷ್ಟು ನಾಚಿಕೆಯಾಯಿತು. ಸತ್ತರೆ ಎಲ್ಲಿಗೆ ಹೋಗುವುದು ಅನ್ನುವುದು ಆಮೇಲೆ ಹೊಳೆಯಿತು.

"ನಂಗೊಬ್ಬನಿಗೇ ಪಕ್ಕದಲ್ಲಿ ದಾರಿ ಇತ್ತು," ಮಹದೇವು ಹೇಳುತ್ತಲೇ ಇದ್ದ. "ಹಿಂದ್ಲದು ಒಸಿ ಸಡಿಲ ಆದಂಗಾಯ್ತು, ಬಂದ್ಬುಟ್ಟೆ. ಬರೋವಾಗ ಒಬ್ಬ ವಯಸ್ಸಾದಮ್ಮ ಕರೆದ್ರು. ನೇರಳೆ ಸೀರೆ, ಎರಡೂ ಕಡೆ ಮೂಗುಬೊಟ್ಟು. ಅಲ್ಲಿ ಮಾತಾಡಿದ್ದು ಅವ್ರೊಬ್ರೇ. 'ಚೂಡಿಗೆ ಹೇಳಪ್ಪ, ಕುಂಚ ಒರೆಸ್ಕೊಳಕ್ಕೆ ಒಂದು ಬಟ್ಟೆ ಇಟ್ಕೊಳ್ಳಲಿ ಅಂತ' ಅಂದ್ರು. ಚೂಡಿ ಅಂದ್ರೆ ಯಾರಮ್ಮಾ?"

ಚೂಡಾಮಣಿಯನ್ನು ಚೂಡಿ ಅಂತ ಕರೆದವಳು ಈ ಲೋಕದಲ್ಲಿ ಒಬ್ಬಳೇ. ಅವಳ ಫೋಟೋ ಒಳಮನೆಯಲ್ಲಿದೆ. ಅದೂ ಕಪ್ಪುಬಿಳುಪು. ಆ ಫೋಟೋ ತೆಗೆಸಿದ ದಿನ ಉಟ್ಟಿದ್ದ ಸೀರೆ ನೇರಳೆ ಅಂತ ಮಗಳಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಚೂಡಾಮಣಿ "ಅಮ್ಮಾ" ಅಂದಳು.

"ಅದೆಲ್ಲಾ ಆಮ್ಯಾಕೆ ಯೋಳೀರಂತೆ," ಅಂತ ಬೆಟ್ಟಮ್ಮ ಗಂಡನ ತೋಳು ಎಳೆದಳು. "ಅಮ್ಮಾವ್ರೆ, ಮೊದ್ಲು ಮುಚ್ಚಿ."

"ಮುಚ್ಬ್ಯಾಡಿ," ಅಂದ ಮಹದೇವು. "ಆಯಮ್ಮ ಒಂಟವ್ರೆ. ನಾನು ಅರ್ಧಕ್ಕೆ ಬಂದು ತಿರುಗಿ ನೋಡಿದ್ರೆ, ಹುಲ್ಲು ಬಗ್ಗಿಸ್ಕಂಡು ಬಗ್ಗಿಸ್ಕಂಡು ದಾರಿ ಕಡೀಕೇ ಬತ್ತಿದ್ರು. ಪಾಪ, ಕಾಲು ನೋವು ಅಂತ ಕಾಣ್ತದೆ."

ಪಂಕಜಮ್ಮನಿಗೆ ಕೊನೆಯ ಹತ್ತು ವರ್ಷ ಮಂಡಿ ನೋವಿತ್ತು. ಚೂಡಾಮಣಿ ಹೋಗಿ ಫೋಟೋ ತಿರುಗಿಸಿದಳು.

ಮಹದೇವುವಿನ ಮುಖ, ಹಳದಿ ಆಕಾಶ, ಬೆಟ್ಟ. ಎಲ್ಲ ಇದ್ದ ಹಾಗೇ ಇತ್ತು. ಕೆಮ್ಮಣ್ಣಿನ ದಾರಿಯ ಮೇಲೆ, ಕೊಳದ ಪಕ್ಕದ ಬಳಸಿನಲ್ಲಿ, ಒಂದು ಅಕ್ಕಿಕಾಳಿನಷ್ಟು ನೇರಳೆ ಇತ್ತು. ಅವಳು ಹಾಕಿದ್ದಲ್ಲ. ಈ ಸಲದ ಬಣ್ಣಗಳಲ್ಲಿ ನೇರಳೆ ಇರಲೇ ಇಲ್ಲ. ಕನ್ನಡಕ ತಂದು ಬಗ್ಗಿ ನೋಡಿದಳು. ಬೆರಳಲ್ಲಿ ಮುಟ್ಟಿದಳು. ಹಸಿಯಾಗಿತ್ತು. ಮತ್ತೆ ನೋಡಿದಾಗ ಆ ಅಕ್ಕಿಕಾಳು ಕೊಳದ ಬಳಸನ್ನು ದಾಟಿ ಈಚೆಗಿತ್ತು. ಅದರ ಬೆನ್ನಿಗೆ ಅಂಟಿಕೊಂಡ ಹಾಗೆ ಒಂದು ಕಪ್ಪು. ಆ ಕಪ್ಪು ನೇರಳೆಗಿಂತ ದೊಡ್ಡದಾಗಿ ಕಾಣುತ್ತಿತ್ತು.

ಮಹದೇವು ಗೋಡೆ ಬಿಟ್ಟು ಚಿತ್ರದ ಕಡೆ ಒಂದು ಹೆಜ್ಜೆ ಇಟ್ಟ, ಆಮೇಲೆ ಇನ್ನೊಂದು. ಕಣ್ಣು ದಾರಿಯ ಮೇಲೇ ನೆಟ್ಟಿತ್ತು. ಬೆಟ್ಟಮ್ಮ ಅವನ ಸೊಂಟ ಹಿಡಿದುಕೊಂಡು, "ಅಯ್ಯೋ, ಹೋಗ್ತಾವ್ರೆ ಕಣ್ರವ್ವ! ನಿಮ್ಮ ದಮ್ಮಯ್ಯ!" ಅಂತ ಕಿರುಚಿದಳು.

ಚೂಡಾಮಣಿ ಕುಂಚ ತೆಗೆದುಕೊಂಡಳು. ನಿಜ ಹೇಳಬೇಕು: ಅಮ್ಮ ಒಬ್ಬಳೇ ಬರುತ್ತಿದ್ದರೆ ಅವಳು ಮುಚ್ಚುತ್ತಿರಲಿಲ್ಲ. ಬೆಟ್ಟಮ್ಮನ ಗಂಡ ಹಾಳಾಗಿ ಹೋಗಲಿ ಅಂತ ಬಾಗಿಲು ತೆರೆದು ಕೂತುಬಿಡುತ್ತಿದ್ದಳು. ಆದರೆ ಅಮ್ಮ ಒಬ್ಬಳೇ ಬರುತ್ತಿರಲಿಲ್ಲ. ಜೊತೆಗೆ ಬರುವುದು ತನ್ನದೇ ಕೈಯ ಕೊಳೆ, ಅಮ್ಮ ಹೋದ ದಿನ ಅಳುತ್ತ ಅಳುತ್ತ ಎಷ್ಟು ಸಲ ಒರೆಸಿದ್ದಳೋ ಅಷ್ಟೂ. ಅದು ಈ ಬೀದಿಗೆ ಇಳಿದರೆ? ಕೆಳಗಿನ ಅಂಚಿನಿಂದ ಹುಲ್ಲು ಹಾಕತೊಡಗಿದಳು. ಒಂದೊಂದೇ ಗರಿ, ಕೆಳಗಿನಿಂದ ಮೇಲಕ್ಕೆ. ನೇರಳೆ ಚುಕ್ಕೆ ಈಚೆ ಬರುತ್ತಿತ್ತು, ಹುಲ್ಲು ಆಚೆ ಹೋಗುತ್ತಿತ್ತು. ಹತ್ತಿರವಾದಾಗ ಅದಕ್ಕೆ ಸೆರಗಿತ್ತು, ಎತ್ತಿದ ಒಂದು ಕೈಯಿತ್ತು. ಚೂಡಾಮಣಿ ಕಣ್ಣು ಮುಚ್ಚಲಿಲ್ಲ. ಅಂಚು ಮುಚ್ಚುವ ಕಸುಬಿನವಳು ಕಣ್ಣು ಮುಚ್ಚಿ ಕೆಲಸ ಮಾಡಲಾರಳು. ಆ ಕೈಯ ಮೇಲೂ ಹುಲ್ಲು ಹಾಕಿದಳು. ಕುಂಚವನ್ನು ತನ್ನ ಸೀರೆಗೆ ಒರೆಸಿದಳು.

ಹಿಂದೆ ಏನೋ ಸದ್ದಾಯಿತು. ಮಹದೇವು ಅಂಗಡಿಯ ಬೆಂಚಿನ ಮೇಲೆ ದೊಪ್ಪನೆ ಕೂತಿದ್ದ. ಒಂದು ಸಲ ಹಿಂದೆ ತಿರುಗಿ ನೋಡಿದ, ಬಿಸಿಲು ಬಿದ್ದ ಬರೀ ಗೋಡೆಯನ್ನು ನೋಡಿದ, ಆಕಳಿಸಿದ, ಹೆಂಡತಿಯ ಭುಜಕ್ಕೆ ತಲೆಯಿಟ್ಟು ಅಲ್ಲೇ ಗೊರಕೆ ಹೊಡೆಯತೊಡಗಿದ. ಬೆಟ್ಟಮ್ಮ ಅವನ ತಲೆಯನ್ನು ಮೆಲ್ಲಗೆ ಬೆಂಚಿಗೆ ಇಳಿಸಿ ಬಂದು ಚೂಡಾಮಣಿಯ ಎರಡೂ ಪಾದ ಹಿಡಿದುಕೊಂಡಳು. ಕಣ್ಣೀರು ಧಾರಾಕಾರ.

"ನನ್ನ ಮನೆ ಉಳಿಸಿದ್ರಿ. ನಿಮ್ಮನ್ನ ಹೆತ್ತ ಹೊಟ್ಟೆ ತಣ್ಣಗಿರ್ಲಿ ಕಣವ್ವ," ಅಂದಳು.